ಫೀನಾಲ್ ರೆಡ್ ಕಲಿಸಿದ ಪಾಠ
ಕ್ಯಾನ್ಸರ್ ಸಂಶೋಧನೆಯ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವುದು ನನ್ನ ಕೆಲಸ. ಸೇರಿದ ವರ್ಷವೇ ಮೆಲಟೋನಿನ್ ಪ್ರಯೋಗ ನನ್ನ ಪಾಲಿಗೆ ಬಂತು. ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿ ರಕ್ತಕ್ಕೆ ಬಿಡುವ ಹಾರ್ಮೋನು ಅದು. ರಾತ್ರಿಯಾಯಿತೆಂಬ ಸುದ್ದಿ ಮೈಗೆಲ್ಲ ಮುಟ್ಟುವುದು ಅದರಿಂದಲೇ. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳು ಬೆಳೆಯುವ ವೇಗವನ್ನು ಅದು ತಗ್ಗಿಸುತ್ತದೆಂದು ಸ್ಟೀವನ್ ಹಿಲ್ ಮತ್ತು ಡೇವಿಡ್ ಬ್ಲಾಸ್ಕ್ 1988ರಲ್ಲೇ ತೋರಿಸಿದ್ದರು. ನಮ್ಮಲ್ಲಿದ್ದದ್ದೂ ಅವೇ ಕೋಶಗಳು. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಸಿಕ್ಕಿದರೆ ಹುಲುಸಾಗಿ ಬೆಳೆಯುವಂಥವು.

ಮೂರು ತಿಂಗಳು ನನಗೆ ಏನೂ ಸಿಗಲಿಲ್ಲ. ಹೀಮೋಸೈಟೋಮೀಟರಿನ ಚೌಕದಲ್ಲಿ ಒಂದೊಂದೇ ಕೋಶ ಎಣಿಸಿ ಕಣ್ಣು ಉರಿಯುತ್ತಿತ್ತು. ಕೋಶ ಬೆಳೆಸುವ ಪ್ಲೇಟಿನ ಪುಟ್ಟ ಗುಳಿಗಳಿಗೆ ವೆಲ್ ಎನ್ನುತ್ತೇವೆ. ಈಸ್ಟ್ರೊಜೆನ್ ಹಾಕಿದ ವೆಲ್, ಹಾಕದ ವೆಲ್, ಮೆಲಟೋನಿನ್ ಹಾಕಿದ ವೆಲ್, ಎಲ್ಲದರ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ತಾಳ್ಮೆಗೆಟ್ಟು ಮೆಲಟೋನಿನ್ ಡೋಸನ್ನು ಒಂದು ಮಿಲಿಮೋಲಾರ್‌ಗೆ ಏರಿಸಿದೆ. ಮಾರನೇ ದಿನ ನೋಡಿದರೆ ಕೋಶಗಳು ತಳ ಬಿಟ್ಟು, ಗುಂಡಗಾಗಿ ತೇಲುತ್ತಿದ್ದವು. ಖುಷಿಯಿಂದ ಮೇಡಂ ಹತ್ತಿರ ಓಡಿದೆ.

"ರಾತ್ರಿ ಹೊತ್ತು ನಮ್ಮ ರಕ್ತದಲ್ಲಿ ಇದು ಎಷ್ಟಿರುತ್ತೆ, ಲೆಕ್ಕ ಹಾಕಿದ್ಯೇನಮ್ಮಾ?" ಅಂದರು. ಹಾಕಿರಲಿಲ್ಲ. ಒಂದು ನ್ಯಾನೋಮೋಲಾರ್ ಕೂಡ ಇರುವುದಿಲ್ಲ. ನಾನು ಸುರಿದದ್ದು ಅದರ ಹತ್ತು ಲಕ್ಷ ಪಟ್ಟಿಗಿಂತ ಹೆಚ್ಚು. ಅದನ್ನು ಕರಗಿಸಲು ಬಳಸಿದ ಎಥನಾಲ್ ಎಷ್ಟು ಹೋಗಿತ್ತೋ, ಅಷ್ಟನ್ನೇ ಬರೀ ಹಾಕಿ ಹೋಲಿಕೆಗೆಂದು ಒಂದು ಕಂಟ್ರೋಲ್ ಕೂಡ ಇಟ್ಟಿರಲಿಲ್ಲ.

ಆಮೇಲೆ ಮೇಡಂ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ಈ ಕೆಂಪು ಏನು?" ಎಂದು ಕೇಳಿದರು. ಫೀನಾಲ್ ರೆಡ್. ಕೋಶಗಳಿಗೆ ಆಹಾರವಾಗುವ ದ್ರವ, ಅಂದರೆ ಮೀಡಿಯಂ, ಹುಳಿಯಾದರೆ ಹಳದಿಗೆ ತಿರುಗಿ ಎಚ್ಚರಿಸುವ ಬಣ್ಣ, ದಿನಾ ನೋಡುವಂಥದ್ದು. ಆ ಬಣ್ಣದ ಜೊತೆಗೇ ಸಣ್ಣ ಮಟ್ಟದ ಈಸ್ಟ್ರೊಜೆನ್ ಗುಣವೂ ಬರುತ್ತದೆಂದು 1986ರಲ್ಲೇ ಪ್ರಕಟವಾಗಿತ್ತು. ಮೀಡಿಯಂಗೆ ಬೆರೆಸುವ, ಕರುವಿನ ರಕ್ತದಿಂದ ತೆಗೆದ ಸೀರಂನಲ್ಲೂ ಕರುವಿನದ್ದೇ ಹಾರ್ಮೋನುಗಳಿರುತ್ತವೆ. ಅಂದರೆ ನಾನು "ಏನೂ ಹಾಕಿಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದ ವೆಲ್‌ಗಳಿಗೂ ಮೂರು ತಿಂಗಳಿಂದ ಮೇವು ಸಿಗುತ್ತಲೇ ಇತ್ತು!

ಬಣ್ಣವಿಲ್ಲದ ಮೀಡಿಯಂ ತರಿಸಿದೆವು. ಸೀರಂ ಅನ್ನು ಇದ್ದಿಲಪುಡಿಯಲ್ಲಿ ಹಾಯಿಸಿ ಹಾರ್ಮೋನು ತೆಗೆದೆವು, ಕೆಲವು ದಿನ ಕೋಶಗಳನ್ನು ಹಾಗೇ ಉಪವಾಸ ಕೆಡವಿದೆವು. ಆಗ ವ್ಯತ್ಯಾಸ ಕಾಣಿಸಿತು. ಈಸ್ಟ್ರೊಜೆನ್ ಕೊಟ್ಟ ಕಡೆ ಕೋಶಗಳು ಹೆಚ್ಚಿದವು. ಅದರ ಜೊತೆಗೆ ಒಂದು ನ್ಯಾನೋಮೋಲಾರ್ ಮೆಲಟೋನಿನ್ ಇದ್ದ ಕಡೆ ಹೆಚ್ಚಳ ತಗ್ಗಿತು. ಸಾಯಲಿಲ್ಲ, ನಿಧಾನವಾದವು, ಅಷ್ಟೇ. ಮೆಲಟೋನಿನ್ ಕೋಶದ ಮೇಲಿನ ಎಂಟಿ1 ರಿಸೆಪ್ಟರಿಗೆ (ಹಾರ್ಮೋನನ್ನು ಹಿಡಿಯುವ ಪ್ರೋಟೀನಿಗೆ) ಅಂಟಿ, ಈಸ್ಟ್ರೊಜೆನ್ ರಿಸೆಪ್ಟರ್ ಡಿಎನ್ಎ ಮೇಲೆ ಕೂರದಂತೆ ಅಡ್ಡ ಬರುತ್ತದೆ. ಈಸ್ಟ್ರೊಜೆನ್ ಎಷ್ಟಿದೆ ಎಂಬುದೇ ಗೊತ್ತಿಲ್ಲದ ಪ್ಲೇಟಿನಲ್ಲಿ ಈ ಅಡ್ಡಗಾಲನ್ನು ಅಳೆಯಲು ಹೊರಟಿದ್ದೆ ನಾನು.

ಹೋದ ತಿಂಗಳು ಊರಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಈಸ್ಟ್ರೊಜೆನ್ ಕೆಲಸಕ್ಕೆ ತಡೆ ಹಾಕುವ ಟಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ದಾರೆ. "ನಿದ್ದೆ ಹಾರ್ಮೋನಿನ ಮಾತ್ರೆಗೆ ಗಡ್ಡೆ ಕರಗುತ್ತಂತಲ್ಲೇ, ತಗೊಳ್ಲಾ?" ಅಂತ ಕೇಳಿದರು. ಕೆಂಪು ಮೀಡಿಯಂನ ಕಥೆಯನ್ನೆಲ್ಲ ಹೇಳಿದೆ. ನಮ್ಮ ಪ್ಲೇಟಿನಲ್ಲಿ ಕಂಡದ್ದು ನಿಮ್ಮ ಮೈಗೆ ಔಷಧವಲ್ಲ ಚಿಕ್ಕಮ್ಮ, ಡಾಕ್ಟರನ್ನು ಕೇಳದೆ ಏನನ್ನೂ ಸೇರಿಸಬೇಡಿ, ಟಮಾಕ್ಸಿಫೆನ್ ಒಂದು ದಿನವೂ ತಪ್ಪಿಸಬೇಡಿ ಅಂದೆ. "ಆಯ್ತು, ರಾತ್ರಿ ದೀಪ ಆರಿಸಿ ಮಲಗ್ತೀನಿ, ಅದಕ್ಕೇನೂ ತೊಂದರೆ ಇಲ್ವಲ್ಲ" ಅಂದರು.