ಮೊದಲು ಜಿಲ್ಲಾ ಪಂಚಾಯಿತಿ ಚುನಾವಣೆ ಮಾಡಿ

ಕುಟುಂಬ ರಾಜಕಾರಣದ ಮಾತು ಬಂದರೆ ಕಲಬುರಗಿಯಲ್ಲಿ ಯಾವ ಚಹಾ ಅಂಗಡಿಯಲ್ಲೂ ಹೆಸರುಗಳಿಗೆ ಬರ ಇಲ್ಲ. ಮಲ್ಲಿಕಾರ್ಜುನ ಖರ್ಗೆಯವರ ಮಗ ಪ್ರಿಯಾಂಕ್ ಚಿತ್ತಾಪುರದಿಂದ ಗೆದ್ದರು, ಅಳಿಯ ರಾಧಾಕೃಷ್ಣ ದೊಡ್ಡಮನಿ 2024ರಲ್ಲಿ ಸಂಸದರಾದರು. ಜೇವರ್ಗಿಯಲ್ಲಿ ಧರ್ಮಸಿಂಗ್ ಅವರ ಮಗ ಅಜಯ್ ಸಿಂಗ್. ಬೀದರ್ ಕಡೆ ಭೀಮಣ್ಣ ಖಂಡ್ರೆ, ಈಶ್ವರ ಖಂಡ್ರೆ, ಸಾಗರ್ ಖಂಡ್ರೆ, ಮೂರು ತಲೆಮಾರು. ಗುರುಮಠಕಲ್‌ನಲ್ಲಿ ಜೆಡಿಎಸ್‌ನ ನಾಗನಗೌಡ ಕಂದಕೂರ, ಆಮೇಲೆ ಮಗ ಶರಣಗೌಡ. ಒಂದೇ ಪಕ್ಷದ ಕಥೆ ಅಲ್ಲ ಇದು.

ಎಲ್ಲರೂ ಜನರ ಮತ ಪಡೆದೇ ಗೆದ್ದವರು, ನಿಜ. ಆದರೆ ಖರ್ಗೆಯವರ ಹಿಂದೆ ಯಾವ ಮನೆತನ ಇತ್ತು ಹೇಳಿ? ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ ಕಾರ್ಮಿಕರ ಪರ ನಿಂತ ವಕೀಲರಾಗಿದ್ದವರು ಅವರು, 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು. ಮುಂದೆ ಮುಖ್ಯಮಂತ್ರಿಯಾದ ಧರ್ಮಸಿಂಗ್ ಶುರು ಮಾಡಿದ್ದು ಇದೇ ಕಲಬುರಗಿಯ ನಗರಸಭೆಯಿಂದ. ಹಾಗೆ ಕೆಳಗಿನಿಂದ ಬರುವ ದಾರಿ ಈಗ ಎಲ್ಲಿದೆ?

ನನ್ನ ಸಿಟ್ಟೆಲ್ಲ ಇಲ್ಲೇ ಇದೆ. ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ, ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು, ಆಗ ಬಿಜೆಪಿ ಸರ್ಕಾರ ಇತ್ತು, ಆಮೇಲೆ ಕಾಂಗ್ರೆಸ್ ಬಂತು, ಇಬ್ಬರಿಗೂ ಅವಸರ ಇರಲಿಲ್ಲ. 1980ರ ದಶಕದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕಾಲದಲ್ಲಿ ಪಂಚಾಯಿತಿಗೆ ನಿಜವಾದ ಅಧಿಕಾರ ಕೊಟ್ಟು ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು, ಅಲ್ವಾ?

ಸದಸ್ಯರೇ ಇಲ್ಲದಿದ್ದರೆ ಏನಾಗುತ್ತದೆ? ಶಾಲೆ ಸೋರುತ್ತಿದೆ, ಕುಡಿಯುವ ನೀರಿಲ್ಲ ಅಂತ ಹೇಳೋಕೆ ಜನ ಅಧಿಕಾರಿಗಳ ಹತ್ತಿರ ಅಲೆಯಬೇಕು, ಇಲ್ಲವೇ ಸೀದಾ ಶಾಸಕ ಸಾಹೇಬರ ಮನೆ ಮುಂದೆ ನಿಲ್ಲಬೇಕು. ಸಾಹೇಬರು ಬೆಂಗಳೂರಲ್ಲಿದ್ದರೆ ಅವರ ಮಗನೋ ತಮ್ಮನೋ ಅರ್ಜಿ ತಗೋತಾರೆ. ಮುಂದಿನ ಟಿಕೆಟ್‌ಗೆ ಜನರ ಪರಿಚಯ ಆಗೋದು ಹೀಗೇ.

ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಗ್ರಾಮ ಪಂಚಾಯಿತಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಬ್ಬ ದಲಿತ ಹೆಣ್ಣುಮಗಳು ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ ಬರಬೇಕೆಂದರೆ ಚುನಾವಣೆಯೇ ಇಲ್ಲ. ಶಾಸಕರ ಮಗನಿಗೆ ಇದರಿಂದ ಏನೂ ನಷ್ಟ ಇಲ್ಲ.

ಹಾಗಾಗಿ ಮುಂದೆ ಯಾವ ಪಕ್ಷದವರು ವೋಟು ಕೇಳೋಕೆ ಬಂದರೂ, ಎದುರು ಪಕ್ಷದ ಕುಟುಂಬ ರಾಜಕಾರಣ ಬೈಯ್ಯುವ ಮೊದಲು, ತಾಲೂಕು ಪಂಚಾಯಿತಿ ಚುನಾವಣೆಗೆ ನೀವೇನು ಮಾಡಿದ್ರಿ ಅಂತ ಕೇಳಿ.