ಬಿಗಿ ಹಿಡಿಯಬೇಕೋ, ಸಡಿಲ ಬಿಡಬೇಕೋ?

"ಸರ್ರ, ಮಂದೀನ ಬಿಗಿ ಹಿಡೀಬೇಕೋ, ಸಡ್ಲ ಬಿಡಬೇಕೋ? ಒಂದ ಮಾತಿನ್ಯಾಗ ಹೇಳಿಬಿಡ್ರಿ."

ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಹೊಸದಾಗಿ ಸೂಪರ್‌ವೈಸರ್ ಆದವರಿಗೆ ನಾನು ತರಬೇತಿ ಕೊಡುತ್ತೇನೆ. ಗದಗ, ಹಾವೇರಿ ಜಿಲ್ಲೆಗಳ ಸ್ವಸಹಾಯ ಸಂಘಗಳ ಪದಾಧಿಕಾರಿಗಳಿಗೂ ಕಲಿಸುತ್ತೇನೆ. ಸಂಘದ ಅಕ್ಕಾರೂ ಇದನ್ನೇ ಕೇಳುತ್ತಾರೆ, ಐಟಿಐ ಮುಗಿಸಿ ಬಂದ ಹುಡುಗರೂ ಇದನ್ನೇ ಕೇಳುತ್ತಾರೆ.

ಒಂದೇ ಮಾತಿನಲ್ಲಿ ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು: ನಿರ್ಧಾರ ತಪ್ಪಾದರೆ ನಷ್ಟ ಯಾರಿಗೆ ಅಂತ ಮೊದಲು ನೋಡಿ. ಅವರ ಮಾತು ಕೇಳಿಯೇ ನಿರ್ಧಾರ ಮಾಡಿ. ಮಾಡಿದ ಮೇಲೆ ಬಿಗಿ ಹಿಡಿಯಿರಿ.

ಇದನ್ನು ಹೇಳಿ ಸುಮ್ಮನಾದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕರ್ಟ್ ಲೆವಿನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಒಬ್ಬನ ಮಾತೇ ನಡೆಯುವ ದೇಶ ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಯೋವಾದಲ್ಲಿ ಲಿಪಿಟ್ ಮತ್ತು ವೈಟ್ ಎಂಬ ಇಬ್ಬರ ಜೊತೆ ಅವರು ನಡೆಸಿದ ಅಧ್ಯಯನ 1939ರಲ್ಲಿ ಪ್ರಕಟವಾಯಿತು. ಹತ್ತು ವರ್ಷದ ಹುಡುಗರು ಶಾಲೆ ಬಿಟ್ಟ ಮೇಲೆ ಗುಂಪಾಗಿ ಕೂತು ಮುಖವಾಡ ಮಾಡುವಂಥ ಕೈಕೆಲಸ ಮಾಡುತ್ತಿದ್ದರು. ಒಂದು ಗುಂಪಿನ ಮುಂದಾಳು ಪ್ರತಿ ಹೆಜ್ಜೆಗೂ ಅಪ್ಪಣೆ ಕೊಡುತ್ತಿದ್ದ. ಇನ್ನೊಬ್ಬ ಹುಡುಗರ ಜೊತೆ ಮಾತಾಡಿ, ಅವರನ್ನೂ ಸೇರಿಸಿಕೊಂಡು ಕೆಲಸ ಗೊತ್ತು ಮಾಡುತ್ತಿದ್ದ. ಮೂರನೆಯವನು ಸಾಮಾನು ಕೊಟ್ಟು, ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಡುತ್ತಿದ್ದ.

ಅಪ್ಪಣೆಯ ಗುಂಪಿನಲ್ಲಿ ಕೆಲಸವೇನೋ ಸಾಕಷ್ಟು ಆಗುತ್ತಿತ್ತು. ಆದರೆ ಮುಂದಾಳು ಕೋಣೆಯಿಂದ ಹೊರಗೆ ಹೋದರೆ ಸಾಕು, ಕೆಲಸ ಬಿದ್ದುಹೋಗುತ್ತಿತ್ತು. ಕೆಲವೊಮ್ಮೆ ಹುಡುಗರು ತಮ್ಮಲ್ಲೇ ಜಗಳಕ್ಕೆ ಬೀಳುತ್ತಿದ್ದರು, ಕೆಲವೊಮ್ಮೆ ಮಂಕಾಗಿ ಕೂತುಬಿಡುತ್ತಿದ್ದರು. ಮಾತಾಡಿ ಮಾಡುವ ಗುಂಪಿನಲ್ಲಿ ಮುಂದಾಳು ಹೋದರೂ ಕೆಲಸ ಹೆಚ್ಚುಕಡಿಮೆ ಹಾಗೇ ನಡೆಯುತ್ತಿತ್ತು. ಬಿಟ್ಟುಬಿಟ್ಟ ಗುಂಪಿನಲ್ಲಿ ಆಗುತ್ತಿದ್ದ ಕೆಲಸವೇ ಕಡಿಮೆ.

ತರಬೇತಿಯಲ್ಲಿ ಇದನ್ನು ಹೇಳಿದ ಕೂಡಲೇ ಯಾರೋ ಒಬ್ಬರು ತಮ್ಮ ಫೋರ್‌ಮನ್ ನೆನಪು ಮಾಡಿಕೊಂಡು ತಲೆ ಆಡಿಸುತ್ತಾರೆ. ಆಮೇಲೆ ಬರುವ ಮಾತು ಮಾತ್ರ ನನಗೆ ಬೇಸರ ತರಿಸುತ್ತದೆ. "ನಮ್ಮಲ್ಲಿ ಎಲ್ಲಾರನೂ ಕೇಳೇ ಮಾಡ್ತೀವ್ರಿ" ಅನ್ನುತ್ತಾರೆ. ಹೋಗಿ ನೋಡಿದರೆ ಅದು ಎರಡನೆಯ ಗುಂಪಲ್ಲ, ಮೂರನೆಯದು. ಸಭೆ ಕರೆದು "ಏನ್ ಮಾಡೋಣ ಹೇಳ್ರಿ" ಅನ್ನುತ್ತಾರೆ. ಲೆಕ್ಕ ಮುಂದಿಡುವುದಿಲ್ಲ, ಇರುವ ದಾರಿಗಳೇನು ಅಂತ ಹೇಳುವುದಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಜೋರಾಗಿ ಮಾತಾಡುವ ಇಬ್ಬರ ಮಾತೇ ಠರಾವು ಆಗುತ್ತದೆ. ಸಂಘದ ಸಾಲ ಮತ್ತೆ ಮತ್ತೆ ಅವೇ ನಾಲ್ಕು ಮನೆಗಳಿಗೆ ಹೋಗುತ್ತದೆ. ಕಟಬಾಕಿ ಬಿದ್ದಾಗ ಅಧ್ಯಕ್ಷರು "ನೀವ ಒಪ್ಪಿದ್ರಲ್ಲ" ಅನ್ನುತ್ತಾರೆ. ಹೊಣೆ ಕೈಬಿಟ್ಟಿದ್ದಕ್ಕೆ ಒಮ್ಮತ ಅಂತ ಹೆಸರಿಡಬಾರದು. ಹಾಗೆಯೇ, ಕೂಗಾಡುವುದಕ್ಕೆ ಬಿಗಿ ಅಂತ ಹೆಸರಿಡಬಾರದು. ಬೆಳಗ್ಗೆ ಎಲ್ಲರ ಮುಂದೆ ಬೈದು, ಸಂಜೆ ಅಳತೆ ತಪ್ಪಿದ ಮಾಲನ್ನು ಹಾಗೇ ಕಳಿಸುವ ಸೂಪರ್‌ವೈಸರ್ ಬಿಗಿ ಮನುಷ್ಯ ಅಲ್ಲವೇ ಅಲ್ಲ.

ಈಗ ಕಣಗಿನಹಾಳಕ್ಕೆ ಬರೋಣ. ಗದಗ ಪಕ್ಕದ ಊರು. ಏಷ್ಯಾದಲ್ಲೇ ಮೊದಲ ಕೃಷಿ ಸಹಕಾರ ಸಂಘ ಅಂತ ಹೆಸರಾದ ಸಂಘ ಹುಟ್ಟಿದ್ದು ಅಲ್ಲಿ, 1905ರಲ್ಲಿ. ಮುಂದೆ ನಿಂತವರು ಊರಿನ ಗೌಡರಾದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ನಮ್ಮಲ್ಲಿ ಬಹಳ ಜನ ಈ ಹೆಮ್ಮೆಯನ್ನು ಭಾಷಣದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಅದರ ಒಳಗಿನ ಏರ್ಪಾಟೇ ದೊಡ್ಡದಾಗಿ ಕಾಣುತ್ತದೆ.

ಹಿಂದಿನ ವರ್ಷ, 1904ರಲ್ಲಿ, ಸರ್ಕಾರ ಸಹಕಾರಿ ಸಾಲ ಸಂಘಗಳ ಕಾನೂನು ತಂದಿತ್ತು. ಅದರ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಸಂಘ ಮುಳುಗಿದರೆ, ನಿನ್ನ ಪಾಲು ಇಷ್ಟೇ ಅಂತ ಯಾರೂ ಕೈತೊಳೆದುಕೊಳ್ಳುವ ಹಾಗಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಅದು ಉಳಿದವರ ಹೊಲ, ಎತ್ತಿನವರೆಗೂ ಬರಬಹುದು. ಹೀಗಿದ್ದಾಗ ಯಾರಿಗೆ ಸಾಲ ಕೊಡಬೇಕು ಅನ್ನುವುದನ್ನು ಒಬ್ಬರೇ ಮನೆಯಲ್ಲಿ ಕೂತು ಹೇಳೋಕಾಗುತ್ತದಾ? ಸಹಕಾರದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಕೂರಿಗೆ ಹೊಲ ಇದ್ದವನಿಗೂ ಒಂದು, ತುಂಡು ಹೊಲ ಇದ್ದವನಿಗೂ ಒಂದು. ಅದು ಸುಮ್ನೆ ಬಂದ ಔದಾರ್ಯ ಅಲ್ಲ. ನಷ್ಟ ಎಲ್ಲರದು, ಅದಕ್ಕೇ ಮಾತೂ ಎಲ್ಲರದು.

ಆ ಕಾಲದ ಗೌಡಿಕೆ ಹೇಗಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಂದಾಯದಿಂದ ಹಿಡಿದು ಮನೆ ಜಗಳದವರೆಗೆ ಗೌಡರ ಮಾತೇ ಕೊನೆ. ಅಂಥ ಮನೆತನದವರು ತಮ್ಮ ಮಾತಿಗೂ ಒಂದೇ ಮತದ ತೂಕ ಇರುವ ಕಡೆ ಹೋಗಿ ಕೂತರು. ಮೇಲಿನ ಸ್ಥಾನ ಬಿಟ್ಟುಕೊಡದೆ, ಅದನ್ನೇ ಬಳಸಿ ಬೇರೆ ಬಗೆಯ ಮುಂದಾಳುತನಕ್ಕೆ ಜಾಗ ಮಾಡಿದರು. ಹಳ್ಳಿಯಲ್ಲಿ ಹೊಸದನ್ನು ಶುರು ಮಾಡಲು ಗೌಡರ ಹೆಸರು ಬೇಕಿತ್ತು, ಶುರುವಾದದ್ದು ನಡೆಯಲು ಎಲ್ಲರ ಮತ ಬೇಕಿತ್ತು. ಒಬ್ಬರೇ ಮನುಷ್ಯ ಎರಡೂ ರೀತಿ ನಡೆದುಕೊಳ್ಳಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಂತ ಎಲ್ಲದಕ್ಕೂ ಕೈ ಎತ್ತಿಸಬಾರದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಖಾದಿಯ ರಾಷ್ಟ್ರಧ್ವಜಕ್ಕೆ ಹೆಸರಾದ ಜಾಗ. ಧ್ವಜದ ಉದ್ದ ಅಗಲ 3ಕ್ಕೆ 2ರಂತೆ ಇರಬೇಕು. ಚಕ್ರಕ್ಕೆ 24 ಅರೆಗಳು. ಗೊತ್ತಾದ ಅಳತೆಗಳು 9. ಅತಿ ದೊಡ್ಡದು 21 ಅಡಿಗೆ 14 ಅಡಿ, ಅತಿ ಚಿಕ್ಕದು 6 ಇಂಚಿಗೆ 4 ಇಂಚು. ಬಟ್ಟೆಯ ನೂಲು, ಬಣ್ಣ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ನಿಯಮ ಇದೆ. ಚಕ್ರ ಬಟ್ಟೆಯ ಎರಡೂ ಬದಿಯಲ್ಲಿ ಒಂದಕ್ಕೊಂದು ಸರಿಯಾಗಿ ಕೂರಬೇಕು. ಇಲ್ಲಿ "ನಿಮಗೆ ಹ್ಯಾಂಗ ಅನಸ್ತದ" ಅಂತ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಅಳತೆ ಅಂದರೆ ಅಳತೆ. ಇಂಥ ಕೆಲಸದಲ್ಲಿ ಬಿಗಿ ಇಲ್ಲದ ಮುಂದಾಳು ಕೆಲಸಗಾರರಿಗೇ ಅನ್ಯಾಯ ಮಾಡಿದ ಹಾಗೆ. ಕೊನೆಗೆ ತಿರಸ್ಕಾರವಾಗುವುದು ಅವರ ಕೈಯಿಂದ ಬಂದ ಮಾಲು.

ಆದರೆ ಅದೇ ಕೆಲಸದಲ್ಲೂ ಕೇಳಬೇಕಾದ ಜಾಗಗಳು ಇರುತ್ತವೆ. ಧ್ವಜ ಹೇಗಿರಬೇಕು ಅನ್ನುವುದು ನಿಯಮದ ಮಾತು. ಹೊಲಿಯುವವರು ಹೇಗೆ ಕೂರಬೇಕು, ಬೆಳಕು ಎಲ್ಲಿಂದ ಬರಬೇಕು, ಯಾವ ಕೆಲಸ ಆದಮೇಲೆ ಯಾವುದು ಅನ್ನುವುದು ಹೊಲಿಯುವವರಿಗೆ ಗೊತ್ತಿರುವ ಮಾತು. ಯಾವುದೇ ಹೊಲಿಗೆ ಘಟಕದಲ್ಲೂ ಹೀಗೆಯೇ ಅಲ್ವಾ? ಕಣ್ಣು ನೋವು, ಬೆನ್ನು ನೋವು ಅವರದು. ಹಾಗಾಗಿ ಅಲ್ಲಿ ಅವರ ಮಾತು ನಡೆಯಬೇಕು. ನಾನು ಸೂಪರ್‌ವೈಸರ್‌ಗಳಿಗೆ ಹೇಳುವುದೂ ಇದನ್ನೇ. ಇಡೀ ಕೆಲಸಕ್ಕೆ ಒಂದೇ ಶೈಲಿ ಹುಡುಕಬೇಡಿ. ಯಾವುದು ನಿಯಮದ ಮಾತು, ಯಾವುದು ಕೆಲಸಗಾರನ ಮೈಗೆ, ಕಿಸೆಗೆ ತಾಗುವ ಮಾತು ಅಂತ ಮೊದಲು ಬೇರೆ ಮಾಡಿಕೊಳ್ಳಿ.

ನಷ್ಟ ಹೊರುವವರನ್ನು ಕೇಳದೆ ನಿರ್ಧಾರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನೆಲದಲ್ಲೇ ಕಹಿಯಾದ ನೆನಪಿದೆ. ಮಲಪ್ರಭಾ ನೀರಾವರಿ ಬಂತು, ಇನ್ನು ಭೂಮಿಯ ಬೆಲೆ ಏರಿತು ಅಂತ ರೈತರ ಮೇಲೆ ಅಭಿವೃದ್ಧಿ ಕರ, ನೀರಿನ ಕರ ಹಾಕಿದರು. ಹೊಲದಲ್ಲಿ ನಿಂತವನ ಲೆಕ್ಕ ಬೇರೆಯೇ ಇತ್ತು. ಆ ಲೆಕ್ಕವನ್ನು ಯಾರೂ ಕೇಳಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಜೀವಗಳು ಹೋದವು. ರಾಜ್ಯದ ರೈತ ಚಳವಳಿ ಬೆಳೆದದ್ದು ಅಲ್ಲಿಂದಲೇ. ಕಾಗದದ ಮೇಲೆ ಅದೊಂದು ಸರಿಯಾದ ಆಡಳಿತ ನಿರ್ಧಾರದ ಹಾಗೇ ಕಂಡಿರಬೇಕು. ಇದನ್ನು ಪಾಠದಲ್ಲಿ ಹೇಳುವಾಗ ನನ್ನ ದನಿ ಏರುತ್ತದೆ. ಏರಲಿ.

ನಾಯಕತ್ವದ ಪುಸ್ತಕಗಳಲ್ಲಿ ಬರುವ ಬೇರೆ ಹೆಸರುಗಳ ಬಗ್ಗೆಯೂ ಜನ ಕೇಳುತ್ತಾರೆ. ಹರ್ಸಿ ಮತ್ತು ಬ್ಲಾಂಚರ್ಡ್ ಎಂಬ ಇಬ್ಬರು 1969ರಲ್ಲಿ ಒಂದು ಮಾತು ಮುಂದಿಟ್ಟರು: ಎದುರಿಗಿರುವವನು ಆ ಕೆಲಸದಲ್ಲಿ ಎಷ್ಟು ಪಳಗಿದ್ದಾನೆ ಅನ್ನುವುದರ ಮೇಲೆ ಮುಂದಾಳು ತನ್ನ ರೀತಿ ಬದಲಿಸಬೇಕು. ಲೇಥ್ ಮುಂದೆ ಹೊಸದಾಗಿ ನಿಂತ ಹುಡುಗನಿಗೆ ಹೀಗೆ ಮಾಡು ಅಂತ ಹೇಳಿಕೊಡಬೇಕು. ಸ್ವಲ್ಪ ಕಲಿತವನಿಗೆ ಯಾಕೆ ಅಂತ ತಿಳಿಸಬೇಕು. ಇನ್ನೂ ಪಳಗಿದವನ ಜೊತೆ ಕೂತು ಯೋಚಿಸಬೇಕು. ಪೂರ್ತಿ ಬಲ್ಲವನಿಗೆ ಕೆಲಸ ಒಪ್ಪಿಸಿ ಸರಿಯಬೇಕು. ಸಂಶೋಧನೆಯಲ್ಲಿ ಇದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ ಅನ್ನುವ ಟೀಕೆ ಇದೆ. ಆದರೂ ಶಿಫ್ಟ್ ನಡೆಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅನುಭವ. ಇಪ್ಪತ್ತು ವರ್ಷ ಲೇಥ್ ನಡೆಸಿದವರಿಗೂ ನಿನ್ನೆ ಬಂದ ಹುಡುಗನಿಗೂ ಒಂದೇ ದನಿಯಲ್ಲಿ ಹೇಳಿದರೆ ಇಬ್ಬರೂ ಕೆಡುತ್ತಾರೆ.

ಬರ್ನ್ಸ್ ಎಂಬ ಅಮೆರಿಕದ ಇತಿಹಾಸಕಾರರು 1978ರಲ್ಲಿ ಕೊಟ್ಟು ತೆಗೆದುಕೊಳ್ಳುವ ನಾಯಕತ್ವ, ಜನರನ್ನೇ ಬದಲಿಸುವ ನಾಯಕತ್ವ ಅಂತ ಎರಡು ಬಗೆ ಮಾಡಿದರು. ಓವರ್‌ಟೈಮ್ ಮಾಡಿದರೆ ಇಷ್ಟು ದುಡ್ಡು ಅನ್ನುವುದು ಮೊದಲನೆಯದು. ಅದನ್ನು ಕೀಳಾಗಿ ನೋಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೇಳಿದ ದುಡ್ಡನ್ನು ಹೇಳಿದ ದಿನ ಕೊಡುವ ಮಾಲೀಕ ಬೇಕು. ಸ್ಫೂರ್ತಿಯ ಮಾತು ಅದಾದ ಮೇಲೆ.

ಇನ್ನೊಬ್ಬರು ರಾಬರ್ಟ್ ಗ್ರೀನ್‌ಲೀಫ್. ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿಯಲ್ಲಿ ದಶಕಗಳ ಕಾಲ ದುಡಿದು, 1970ರಲ್ಲಿ ಸೇವೆಯಿಂದ ಶುರುವಾಗುವ ನಾಯಕತ್ವದ ಬಗ್ಗೆ ಬರೆದವರು. ಅವರು ಕೊಟ್ಟ ಪರೀಕ್ಷೆ ನನಗೆ ಬಹಳ ಹಿಡಿಸುತ್ತದೆ: ನಿಮ್ಮ ಕೈಕೆಳಗಿದ್ದವರು ಬೆಳೆದರಾ? ತಮ್ಮ ಕಾಲ ಮೇಲೆ ನಿಂತರಾ? ಮುಂದೆ ಅವರೂ ಬೇರೆಯವರ ಸೇವೆಗೆ ಇಳಿದರಾ?

ಗದಗದವರಿಗೆ ಈ ಪರೀಕ್ಷೆ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಊರೂರು ತಿರುಗಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿ, ಕೊನೆಗೆ ಗದಗದಲ್ಲಿ ನೆಲೆ ನಿಂತರು. 1944ರಲ್ಲಿ ಅವರು ಹೋದ ಮೇಲೆ ವೀರೇಶ್ವರ ಪುಣ್ಯಾಶ್ರಮವನ್ನು ಹೊತ್ತವರು ಅವರ ಶಿಷ್ಯ, ಅಂಧರೇ ಆದ ಪುಟ್ಟರಾಜ ಗವಾಯಿಗಳು. 2010ರಲ್ಲಿ ತೀರಿಕೊಳ್ಳುವ ತನಕ ಅವರು ಅದನ್ನು ನಡೆಸಿದರು. ಅವರ ಬಳಿ ಕಲಿತ ಪಂಡಿತ ವೆಂಕಟೇಶಕುಮಾರ್ ಧಾರವಾಡದಲ್ಲಿ ಮುಂದಿನ ತಲೆಮಾರಿಗೆ ಕಲಿಸಿದರು. ಲೆವಿನ್ನರ ಪ್ರಯೋಗದಲ್ಲಿ ಮುಂದಾಳು ಹೊರಗೆ ಹೋಗಿದ್ದು ಸ್ವಲ್ಪ ಹೊತ್ತು. ಇಲ್ಲಿ ಗುರು ತೀರಿಕೊಂಡ ಮೇಲೂ ಕೆಲಸ ನಡೆಯಿತು, ದೊಡ್ಡದೂ ಆಯಿತು.

ಸೇವೆ ಅಂದ ಕೂಡಲೇ ಮೆತ್ತಗಿನ ಮಾತು ಅಂದುಕೊಳ್ಳುವವರು ಸಂಗೀತ ಪಾಠವನ್ನು ಒಮ್ಮೆ ಕೂತು ನೋಡಬೇಕು. ಸ್ವರ ಜಾರಿದರೆ ಗುರು ಬಿಡುವುದಿಲ್ಲ. ಮತ್ತೆ ಹಾಡು, ಇನ್ನೊಮ್ಮೆ ಹಾಡು. ಅನ್ನ, ಬಟ್ಟೆ, ಆಸರೆ ಕೊಡುವಾಗ ಯಾವ ಲೆಕ್ಕವೂ ಇಲ್ಲ. ಸ್ವರದ ವಿಷಯದಲ್ಲಿ ಮಾತ್ರ ಒಂದು ಕೂದಲಿನಷ್ಟೂ ರಿಯಾಯಿತಿ ಇಲ್ಲ. ಮಕ್ಕಳು ಅಂಥ ಬಿಗಿಯನ್ನು ತಡೆದುಕೊಳ್ಳುವುದು, ಅದು ತಮ್ಮ ಒಳ್ಳೆಯದಕ್ಕೇ ಅಂತ ಗೊತ್ತಿರುವುದರಿಂದ.

ನನ್ನ ಮಾತಿಗೆ ಒಂದು ಹೊರತು ಇದೆ. ಬೆಣ್ಣಿಹಳ್ಳಕ್ಕೆ ರಾತ್ರಿ ನೀರು ಬಂದಾಗ ಯಾರೂ ಸಭೆ ಕರೆಯುವುದಿಲ್ಲ. ಬಾಯ್ಲರ್ ಪಕ್ಕ ಬೆಂಕಿ ಕಂಡಾಗಲೂ ಅಷ್ಟೇ. ಆಗ ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು. ಆದರೆ ಆ ಒಬ್ಬರು ಯಾರು, ಯಾರ ಮನೆಯ ಮುದುಕರನ್ನು ಯಾರು ಎತ್ತಿಕೊಂಡು ಬರಬೇಕು, ದನ ಯಾವ ದಿಬ್ಬಕ್ಕೆ ಹೊಡೆಯಬೇಕು ಅನ್ನುವುದನ್ನು ಮಳೆಗಾಲಕ್ಕೆ ಮೊದಲೇ ಊರು ಕೂತು ಮಾತಾಡಿಟ್ಟುಕೊಳ್ಳಬಹುದು.

ಇಷ್ಟೆಲ್ಲ ಆದಮೇಲೆ ಸೂಪರ್‌ವೈಸರ್‌ಗಳು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ ಇದೆ. "ನಾ ಮಂದೀನ ಕೇಳ್ತೀನ್ರಿ ಸರ. ಆದ್ರ ನಮ್ಮ ಸಾಹುಕಾರ್ರು ನನ್ನ ಕೇಳೂದಿಲ್ಲ. ಆವಾಗ ಏನ್ ಮಾಡ್ಲಿ?"

ಇದು ನಿಜವಾದ ಕಷ್ಟ. ಮಧ್ಯದಲ್ಲಿ ನಿಂತವನಿಗೆ ಎರಡೂ ಕಡೆಯ ಏಟು. ನಾನು ಹೇಳುವುದು ಎರಡು ಕೆಲಸ. ಮೊದಲನೆಯದು, ನಿಮ್ಮ ಕೈಯಲ್ಲಿ ಇರುವ ನಿರ್ಧಾರಗಳನ್ನು ಬರೆದಿಟ್ಟುಕೊಳ್ಳಿ. ಯಾರಿಗೆ ಯಾವ ಮಷೀನು, ಚಹಾ ಬಿಡುವು ಎಷ್ಟೊತ್ತಿಗೆ, ರಜೆ ಯಾರಿಗೆ ಮೊದಲು, ಹೊಸ ಹುಡುಗನಿಗೆ ಕಲಿಸುವವರು ಯಾರು. ಇವಕ್ಕೆ ಸಾಹುಕಾರರ ಅಪ್ಪಣೆ ಬೇಕಿಲ್ಲ. ಇವುಗಳಲ್ಲಿ ಕೆಲಸಗಾರರನ್ನು ಕೇಳಿ ನಡೆಯಿರಿ. ಎರಡನೆಯದು, ಮೇಲಿಂದ ಬಂದ ಆರ್ಡರಿನಿಂದ ಯಾರಿಗೆ ಎಷ್ಟು ನಷ್ಟ ಅನ್ನುವುದನ್ನು ಲೆಕ್ಕ ಹಾಕಿ ಸಾಹುಕಾರರ ಮುಂದಿಡಿ. ಇಷ್ಟು ತಾಸು ಮಷೀನು ನಿಂತಿತು, ಇಷ್ಟು ಮಾಲು ವಾಪಸ್ ಬಂತು, ಕಲಿತ ಇಬ್ಬರು ಕೆಲಸ ಬಿಟ್ಟರು, ಅಂತ. "ಮಂದಿ ಬ್ಯಾಸರ ಮಾಡ್ಕೊಂಡಾರ್ರಿ" ಅಂದರೆ ಅವರು ಕೇಳದೇ ಇರಬಹುದು. ವಾಪಸ್ ಬಂದ ಮಾಲಿನ ಚೀಟಿ ಟೇಬಲ್ ಮೇಲಿಟ್ಟರೆ ಓದುತ್ತಾರೆ, ಏಕೆಂದರೆ ಅಲ್ಲಿ ನಷ್ಟ ಅವರದೂ ಹೌದು.

ಅಷ್ಟಾದರೂ ಕೇಳದ ಸಾಹುಕಾರರು ಇದ್ದಾರೆ. ಅಂಥ ಕಡೆ ಕೆಲಸಗಾರರಿಗೆ ಸುಳ್ಳು ಭರವಸೆ ಕೊಡಬೇಡಿ. ಇದು ಮೇಲಿನ ನಿರ್ಧಾರ, ನಾನು ಹೀಗೆ ಹೇಳಿ ನೋಡಿದೆ, ಒಪ್ಪಲಿಲ್ಲ, ಇವತ್ತು ಹೀಗೇ ಮಾಡಬೇಕು ಅಂತ ನೇರವಾಗಿ ಹೇಳಿ. ಮತ್ತೆ ಮುಂದಿನ ವಾರದ ಚೀಟಿಗಳನ್ನೂ ಎತ್ತಿಡಿ.