ಗುರುವಾರದ ಟೀ

ಈಗಷ್ಟೇ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಆ ಅಣ್ಣನನ್ನು ಸಕಲೇಶಪುರದ ಬಸ್ ಹತ್ತಿಸಿ ಬಂದೆ. ನನ್ನ ತಮ್ಮನಿಗಿರುವ ಮನಸ್ಸಿನ ಕಾಯಿಲೆಯನ್ನೇ ದಾಟಿ ಬಂದವರು, ಪ್ರತಿ ಗುರುವಾರ ಅವನ ಜೊತೆ ಸುಮ್ನೆ ಕೂತು ಟೀ ಕುಡಿದು, ಮಾತ್ರೆ ಬಿಟ್ಟಾಗ ತಮಗೇನಾಯ್ತು ಅಂತ ಹೇಳಿ ಹೋಗುತ್ತಾರೆ. ನಮ್ಮ ಮಾತು ಕೇಳದವನು ಅವರ ಮಾತು ಕೇಳುತ್ತಾನೆ. ಡಾಕ್ಟರ್ ಬೇಕೇ ಬೇಕು. ಆದರೆ ತಮ್ಮ ಮತ್ತೆ ಅಂಗಡಿವರೆಗೆ ನಡೆದು ಹೋಗಿದ್ದು ಇವರಿಂದ. ಬಸ್ ಚಾರ್ಜ್ ಕೊಟ್ಟರೂ ತಗೊಳ್ಳಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಅಡ್ಮಿಟ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಮನೆಗೆ ಬಂದ ಮೇಲೆ ಹೀಗೆ ಜೊತೆ ಕೂರುವವರಿಗೆ ಏನೂ ಇಲ್ಲ. ಅಮೆರಿಕದಲ್ಲಿ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಿಂದ, ತರಬೇತಿ ಪಡೆದ ಇಂಥವರಿಗೆ ದುಡ್ಡು ಕೊಡಬಹುದು ಅಂತ 2007ರಲ್ಲೇ ರಾಜ್ಯಗಳಿಗೆ ಪತ್ರ ಹೋಗಿತ್ತು. ನಮ್ಮಲ್ಲೂ ಕೊಡಬೇಕು ಅಲ್ವಾ? ಮುಂದಿನ ವಾರ ಮಳೆ ಬಂದರೂ ಬರ್ತೀನಿ ಅಂದಿದ್ದಾರೆ.